ಚಕ್ಕುಬಂದಿಯನ್ನು ಓದುವುದು

ಸುರಪುರದ ಬಗೆಗಿನ ಬಹುಪಾಲು ಬರಹಗಳು ಕೋಟೆಯಿಂದ ಶುರುವಾಗಿ ಟೇಲರ್ ಮಂಜಿಲ್‌ನಲ್ಲಿ ಮುಗಿಯುತ್ತವೆ. 1705ರಲ್ಲಿ ಔರಂಗಜೇಬ ವಾಗಣಗೇರಾವನ್ನು ಮುತ್ತಿದ್ದು, 1858ರ ರಾಜಾ ವೆಂಕಟಪ್ಪ ನಾಯಕರ ಬಂಡಾಯ, ಮೆಡೋಸ್ ಟೇಲರನ ಆತ್ಮಕಥೆ: ನಮ್ಮ ಅಧ್ಯಾಯಗಳು ಇವೇ. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಟೇಲರ್ ಅಳೆದು ಬರೆದ. ಸತ್ತವರ ಜಾಗದ ಅಳತೆ ಹೀಗೆ ಗ್ರಂಥಕ್ಕೆ ಬಂತು. ಬದುಕಿದವರ ಓಣಿಗಳ ಅಳತೆ ಮನೆಪತ್ರಗಳಲ್ಲೇ ಉಳಿಯಿತು.

ಊರನ್ನು ಬೇರೆ ರೀತಿಯಲ್ಲೂ ಓದಬಹುದು. ಭೂಗೋಳತಜ್ಞ ಎಂ.ಆರ್.ಜಿ. ಕಾನ್‌ಜೆನ್ 1960ರಲ್ಲಿ ಇಂಗ್ಲೆಂಡಿನ ಆನಿಕ್ ಎಂಬ ಸಣ್ಣ ಪಟ್ಟಣವನ್ನು ಬೀದಿ, ನಿವೇಶನ, ಕಟ್ಟಡ ಎಂದು ಬಿಡಿಸಿ ನೋಡಿದರು. ಕಟ್ಟಡ ಬೇಗ ಬದಲಾಗುತ್ತದೆ; ಬೀದಿ ಮತ್ತು ನಿವೇಶನದ ಗೆರೆಗಳು ಹೆಚ್ಚು ಕಾಲ ಬಾಳುತ್ತವೆ. ಚೀನಾದ ಸುಝೌ ನಗರದ ನಕ್ಷೆಯನ್ನು 1229ರಲ್ಲಿ ಕಲ್ಲಿನ ಮೇಲೆ ಕೊರೆದರು. ಅದರ ಬೀದಿ, ಕಾಲುವೆಗಳ ವಿನ್ಯಾಸವನ್ನು ಹಳೆಯ ಪೇಟೆಯಲ್ಲಿ ಇಂದಿಗೂ ಬಹುಮಟ್ಟಿಗೆ ಗುರುತಿಸಬಹುದು. ಗೆರೆ ಉಳಿಸುವುದೆಂದರೆ ಊರನ್ನು ಹೆಪ್ಪುಗಟ್ಟಿಸುವುದಲ್ಲ. ಬೀಜಿಂಗಿನ ಅನೇಕ ಹುಟೊಂಗ್ ಓಣಿಗಳು ನೆಲಸಮವಾದರೂ, ಜ್ಯುಆರ್ ಹುಟೊಂಗ್‌ನಲ್ಲಿ ವಾಸ್ತುಶಿಲ್ಪಿ ವೂ ಲಿಯಾಂಗ್ಯೊಂಗ್ ಹಳೆಯ ಅಂಗಳದ ಮಾದರಿಯಲ್ಲೇ ಹೊಸ ಮನೆಗಳನ್ನು ರೂಪಿಸಿದರು.

ನಮ್ಮಲ್ಲಿ ಇಂಥ ಗೆರೆಗಳ ಪಠ್ಯವೆಂದರೆ ಚಕ್ಕುಬಂದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾರ ಹಿತ್ತಲು, ದಕ್ಷಿಣಕ್ಕೆ ಯಾವ ಗುಡಿ. ನೆರೆಯವರ ಹೆಸರಿಲ್ಲದೆ ಇಲ್ಲಿ ಮನೆಗೆ ಗುರುತೇ ಇಲ್ಲ. ಶಾಸನಗಳು ದಾನದ ಭೂಮಿಗೆ ಚತುಸ್ಸೀಮೆ ಹೇಳಿದ್ದೂ ಇದೇ ಕ್ರಮದಲ್ಲಿ. ಕಥೆ, ಕಾವ್ಯಗಳಲ್ಲಿ ಊರನ್ನು ಹುಡುಕುವ ನಾವು ಊರೇ ತನ್ನನ್ನು ಬರೆದುಕೊಂಡ ಈ ಗದ್ಯವನ್ನು ಕಚೇರಿಯ ಕಾಗದವೆಂದು ಬದಿಗಿಟ್ಟಿದ್ದೇವೆ.

ಕಾನೂನಿನ ಓದೂ ಹೀಗೆಯೇ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ನಂತರ, ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎನ್ನುತ್ತದೆ. ಇಲ್ಲಿ ಸ್ಮಾರಕವೇ ಕೇಂದ್ರ; ಸುತ್ತಲಿನ ಮನೆಜಾಗಗಳ ವಿನ್ಯಾಸಕ್ಕೆ ಸ್ವಂತ ಬೆಲೆಯಿಲ್ಲ. ಯಾದಗಿರಿಯ ಅಥವಾ ಶಹಾಪುರದ ಬಜಾರಿನಲ್ಲಿ ನಾಲ್ಕು ಜಾಗ ಕೂಡಿಸಿ ಒಂದು ಕಾಂಪ್ಲೆಕ್ಸ್ ಎಬ್ಬಿಸಿದರೆ, ನಾಲ್ಕು ಚಕ್ಕುಬಂದಿಗಳು ಒಂದಾಗಿ ನಡುವಿನ ಹೆಸರುಗಳು ಬಿದ್ದುಹೋಗುತ್ತವೆ. ಅದನ್ನು ನಷ್ಟವೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹಳೆಯ ಊರಿನ ಗೆರೆ ಜಾತಿಯ ಗೆರೆಯೂ ಹೌದು. ಅಗಸಿಯ ಹೊರಗಿಟ್ಟ ಕೇರಿಯನ್ನೂ ಪರಂಪರೆಯೆಂದು ಕಾಪಾಡಬೇಕೆ? ಕಟ್ಟುಪಾಡನ್ನು ಖಂಡಿತ ಕಾಪಾಡಬಾರದು. ಆದರೆ ಗೆರೆ ಅಳಿಸಿದ ಮಾತ್ರಕ್ಕೆ ಅನ್ಯಾಯ ಅಳಿಯುವುದಿಲ್ಲ, ಅದರ ಸಾಕ್ಷಿ ಅಳಿಯುತ್ತದೆ. ರಸ್ತೆ ಅಗಲವಾಗುವಾಗ ಪರಿಹಾರ ಕೇಳಲು ಕಾಗದ ಬೇಕು. ತಲೆಮಾರುಗಳಿಂದ ಬಾಳಿದರೂ ಕಾಗದ ಸಿಗದವರಿಗೆ ನೆರೆಯವರ ಚಕ್ಕುಬಂದಿಯಲ್ಲಿ ಬಂದ ಹೆಸರೇ ಕೆಲವೊಮ್ಮೆ ಉಳಿದ ಪುರಾವೆ.

ಹಾಗಾಗಿ ಸಂರಕ್ಷಣೆಯ ಮೊದಲ ಕೆಲಸ ಕಲ್ಲಿಗೆ ಬಣ್ಣ ಬಳಿಯುವುದಲ್ಲ. ಓಣಿ ಓಣಿಯ ಜಾಗ ಅಳೆದು, ಹಳೆಯ ಪತ್ರಗಳ ಚಕ್ಕುಬಂದಿ ಸಂಗ್ರಹಿಸಿ, ಅಗಸಿಯ ಒಳಗಿನವರ ಜೊತೆ ಹೊರಗಿನವರ ಹೆಸರನ್ನೂ ಒಂದೇ ನಕ್ಷೆಯಲ್ಲಿ ಬರೆಯುವುದು. ಜೆಸಿಬಿ ಬರುವ ಮೊದಲೇ ಆಗಬೇಕಾದ ಕೆಲಸವಿದು.