ಸೊಪ್ಪಿಗೆ ಮಸಾಲೆ ಅರೆಯಲೇಬೇಕೆ?

ಪುಂಜಾಲಕಟ್ಟೆಯ ಆಸುಪಾಸಿನಲ್ಲಿ ಸೊಪ್ಪಿನ ಮಾತೆತ್ತಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಸೊಪ್ಪು ಒಳ್ಳೆಯದೇ, ಆದರೆ ಆ ರಗಳೆ ಯಾರಿಗೆ ಬೇಕು? ಕಾಯಿ ತುರಿಯಬೇಕು, ಕೊತ್ತಂಬರಿ, ಮೆಣಸು ಹುರಿಯಬೇಕು, ನುಣ್ಣಗೆ ಅರೆಯಬೇಕು. ಬೆಳಗ್ಗೆ ಬಿ.ಸಿ.ರೋಡಿಗೋ ಬೆಳ್ತಂಗಡಿಗೋ ಬಸ್ಸು ಹಿಡಿಯುವವರಿಗೆ ಪುರುಸೊತ್ತೆಲ್ಲಿ? ಪುರುಸೊತ್ತಿಲ್ಲ ಎನ್ನುವುದು ನಿಜ. ಸೊಪ್ಪಿಗೆ ಅಷ್ಟು ಪುರುಸೊತ್ತು ಬೇಕು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಬಸಳೆ ಎಂದರೆ ಗಸಿ, ಅದಕ್ಕೆ ಎಟ್ಟಿಯೋ ಅಲಸಂಡೆಯೋ ಬೀಳಬೇಕು, ಕೆಸುವೆಂದರೆ ಪತ್ರೊಡೆ. ಇವೆಲ್ಲ ಸೊಗಸಾದ ಅಡುಗೆಗಳೇ. ಆದರೆ ನೆಂಟರು ಬಂದಾಗಿನ ಅಡುಗೆಯನ್ನೇ ದಿನದ ಅಡುಗೆಗೂ ಅಳತೆಗೋಲು ಮಾಡಿಕೊಂಡೆವು. ಗಂಜಿಯ ಬದಿಗೆ ಬರುತ್ತಿದ್ದ ಹರಿವೆ ಉಪ್ಕರಿಯನ್ನೂ ಕಾಯಿ ಅರೆಯದ ಬೋಳು ಹುಳಿಯನ್ನೂ ಬಡತನದ ಊಟವೆಂದು ಹಿಂದೆ ಸರಿಸಿದೆವು. ಅಡುಗೆಮನೆಯಿಂದ ಸೊಪ್ಪು ದೂರವಾಗಿದ್ದಕ್ಕೆ ಗಡಿಯಾರಕ್ಕಿಂತ ಈ ಸಂಕೋಚವೇ ದೊಡ್ಡ ಕಾರಣ ಎಂಬುದು ನನ್ನ ನಂಬಿಕೆ.

ಹರಿವೆಯನ್ನೇ ನೋಡಿ. ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ನೀರಿನ ಜೊತೆ ಹೋಗುತ್ತದೆ. ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ. ದಂಟು ಮೊದಲು, ಅದು ಅರ್ಧ ಬೆಂದ ಮೇಲೆ ಎಲೆ. ನೀರು ಹಾಕುವುದು ಬೇಡ, ಎಲೆಗೆ ಅಂಟಿದ ನೀರೇ ಸಾಕು. ರಾಶಿ ಕುಗ್ಗಿದ ಮೇಲಷ್ಟೇ ಉಪ್ಪು. ಮೊದಲೇ ಹಾಕಿದರೆ ಅಳತೆ ತಪ್ಪಿ ಉಪ್ಪುಪ್ಪಾಗುತ್ತದೆ. ಎಲೆ ಬೀಳುವಾಗಿನಿಂದ ಐದಾರು ನಿಮಿಷದ ಕೆಲಸ. ಕಾಯಿ ಇಲ್ಲದೆ ಎಂಥ ರುಚಿ ಎನ್ನುವವರು ಇಳಿಸುವಾಗ ಒಂದು ಹಿಡಿ ತುರಿ ಉದುರಿಸಲಿ, ಅರೆಯುವ ಅಗತ್ಯವಿಲ್ಲ. ಮೇಲೆ ಲಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ಸೊಪ್ಪಿನ ಕಬ್ಬಿಣಾಂಶ ಸುಲಭದಲ್ಲಿ ಮೈಗೆ ಹಿಡಿಯುವಂಥದ್ದಲ್ಲ, ಲಿಂಬೆಯ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ಎಲೆಯಲ್ಲಿರುವ ಬೀಟಾ ಕ್ಯಾರೋಟಿನ್ ದಕ್ಕಲು ಆ ಒಂದು ಚಮಚ ಎಣ್ಣೆಯೂ ಬೇಕು.

ಸೊಪ್ಪನ್ನು ಕುಕ್ಕರಿನಲ್ಲಿಟ್ಟು ಎರಡು ವಿಸಿಲ್ ಕೂಗಿಸುವ ಅಭ್ಯಾಸವನ್ನಂತೂ ಇವತ್ತೇ ಬಿಡಬೇಕು. ಎಲೆ ಬೇಯುವಾಗ ಹೊರಡುವ ಆಮ್ಲ ಮುಚ್ಚಳದೊಳಗೆ ಸಿಕ್ಕಿಕೊಂಡು ಹಸಿರನ್ನು ಕಂದು ಮಾಡುತ್ತದೆ. ಆ ಮಂಕು ಮುದ್ದೆಯನ್ನು ಕಂಡ ಮಕ್ಕಳು ಸೊಪ್ಪು ಬೇಡವೆಂದರೆ ತಪ್ಪು ಮಕ್ಕಳದ್ದಲ್ಲ.

ಎಲ್ಲ ಎಲೆಗೂ ಒಂದೇ ಸೂತ್ರವಿಲ್ಲ, ನಿಜ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ; ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಅಲ್ಲಿ ಅವಸರ ಸಲ್ಲದು. ಆಟಿಯ ತಜಂಕಿನ ಕುಡಿಯನ್ನು ಬೇಯಿಸಿಟ್ಟ ಹಲಸಿನ ಬೀಜದೊಂದಿಗೆ ಪಲ್ಯ ಮಾಡಿದರೆ ಕಹಿ ಹಿತವಾಗುತ್ತದೆ. ಆದರೆ ಅದನ್ನು ವಾಹನಗಳ ಹೊಗೆ ಕುಡಿದ ಹೆದ್ದಾರಿ ಬದಿಯಿಂದ ಕೊಯ್ಯಬೇಡಿ, ತೋಟದ ಬದಿಯಿಂದಲೇ ತನ್ನಿ. ತಿಮರೆಗಂತೂ ಒಲೆಯೇ ಬೇಡ. ಜೀರಿಗೆ, ಸ್ವಲ್ಪ ಕಾಯಿ ಸೇರಿಸಿ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿ ಮಜ್ಜಿಗೆಗೆ ಕಲಸಿದರೆ ತಂಬುಳಿಯಾಯಿತು.

ಸುಲಭವೆಂದರೆ ಹಸಿಯಾಗಿ ರುಬ್ಬಿ ಕುಡಿಯುವುದು ಎಂಬ ಹೊಸ ನಂಬಿಕೆಯೂ ಈಗ ಹಬ್ಬುತ್ತಿದೆ. ಅದಕ್ಕೆ ನನ್ನ ವಿರೋಧ ಇನ್ನೂ ಗಟ್ಟಿ. ನಮ್ಮ ಬೇಲಿಗಳಲ್ಲಿ ಬೆಳೆಯುವ ಚಕ್ರಮುನಿಯನ್ನು ವಿಟಮಿನ್ ಸೊಪ್ಪೆಂದು ಕೊಂಡಾಡುತ್ತೇವೆ. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಹೋದವು; ಕೆಲವರಿಗೆ ಶ್ವಾಸಕೋಶ ಕಸಿ ಮಾಡಬೇಕಾಯಿತು, ಸಾವುಗಳೂ ಆದವು. ಅಪರೂಪಕ್ಕೊಮ್ಮೆ ಚಿಗುರನ್ನು ಬೇಯಿಸಿ ಸಾರಿಗೆ ಹಾಕುವುದೇ ಬೇರೆ, ದಿನವೂ ಲೋಟ ತುಂಬ ಹಸಿ ರಸ ಕುಡಿಯುವುದೇ ಬೇರೆ.