ಕಾಗೆಬಂಗಾರ ತಿಂದ ಕೋಳಿ

ಫ್ರಾನ್ಸಿನ ಲೂಯಿ ಕೆರ್ವ್ರಾನ್ 1962ರಲ್ಲಿ ಜೈವಿಕ ಧಾತುಪರಿವರ್ತನೆಯ ಬಗ್ಗೆ ಒಂದು ಪುಸ್ತಕ ಬರೆದ. ಹತ್ತು ವರ್ಷದ ನಂತರ ಮಿಶೆಲ್ ಅಬೆಹ್ಸೆರಾ ಅದನ್ನು ಇಂಗ್ಲಿಷಿಗೆ ತಂದ. ಜೀವಿಗಳ ಒಡಲಲ್ಲಿ ಒಂದು ಮೂಲಧಾತು ಇನ್ನೊಂದಾಗುತ್ತದೆ, ಪೊಟ್ಯಾಸಿಯಮ್ ಕ್ಯಾಲ್ಸಿಯಮ್ ಆಗುತ್ತದೆ, ಸೋಡಿಯಮ್ ಪೊಟ್ಯಾಸಿಯಮ್ ಆಗುತ್ತದೆ, ಇದನ್ನು ಮಾಡುವವು ಸೂಕ್ಷ್ಮಜೀವಿಗಳು ಮತ್ತು ಕಿಣ್ವಗಳು ಎಂಬುದು ಪುಸ್ತಕದ ವಾದ. ವಿಜ್ಞಾನಿಗಳು ಒಪ್ಪಲಿಲ್ಲ. 1993ರಲ್ಲಿ, ಆತ ತೀರಿಕೊಂಡು ಹತ್ತು ವರ್ಷವಾದ ಮೇಲೆ, ನಗೆಪಾಟಲಿನ ಇಗ್ ನೊಬೆಲ್ ಕೂಡ ಸಿಕ್ಕಿತು. ಆದರೂ ಈ ವಾದ ಸಾಯಲಿಲ್ಲ. ಸಹಜ ಆಹಾರ, ಸಾವಯವ ಬೇಸಾಯದ ಮಾತು ಬಂದಲ್ಲಿ ಇಂದಿಗೂ ಆಗಾಗ ತಲೆಯೆತ್ತುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಇದನ್ನು ಒಂದು ಕಥನವಾಗಿಯೂ ಓದಬೇಕು.

ಕಥನವಾಗಿ ಅದು ನಿಜಕ್ಕೂ ಚೆನ್ನಾಗಿದೆ. ಬ್ರಿಟನಿ ಸೀಮೆಯ ಮನೆಯ ಹಿತ್ತಲಲ್ಲಿ ಒಬ್ಬ ಹುಡುಗ ಕೋಳಿಗಳನ್ನು ನೋಡುತ್ತಿದ್ದಾನೆ. ಆ ನೆಲದಲ್ಲಿ ಸುಣ್ಣದ ಕಲ್ಲಿಲ್ಲ. ಕೋಳಿಗಳು ಮಣ್ಣಿನಲ್ಲಿ ಮಿನುಗುವ ಅಭ್ರಕದ ಚೂರುಗಳನ್ನು ಕುಕ್ಕಿ ತಿನ್ನುತ್ತವೆ. ಅಮ್ಮ ಕೋಳಿ ಕೊಯ್ದಾಗ ಹೊಟ್ಟೆಯಲ್ಲಿ ಹರಳು ಸಿಗುತ್ತದೆ, ಅಭ್ರಕ ಸಿಗುವುದಿಲ್ಲ. ಮೊಟ್ಟೆಗೆ ಮಾತ್ರ ಗಟ್ಟಿ ಚಿಪ್ಪು! ಅಭ್ರಕ ಎಲ್ಲಿ ಹೋಯಿತು, ಸುಣ್ಣ ಎಲ್ಲಿಂದ ಬಂತು? ಅಭ್ರಕಕ್ಕೆ ಕನ್ನಡದಲ್ಲಿ ಕಾಗೆಬಂಗಾರ ಎಂಬ ಹೆಸರಿದೆ. ಪರುಷ ಮುಟ್ಟಿದ ಕಬ್ಬಿಣ ಚಿನ್ನವಾಗುವ ಮಾತನ್ನು ವಚನಗಳಲ್ಲಿ ಕೇಳಿ ಬೆಳೆದ ನಮಗೆ ಈ ಕಥೆಗೆ ಮನಸೋಲಲು ಹೆಚ್ಚು ಹೊತ್ತು ಬೇಡ. ಹುಡುಗನ ಪ್ರಶ್ನೆಯಲ್ಲೂ ತಪ್ಪೇನಿಲ್ಲ.

ಪುಸ್ತಕಕ್ಕೆ ಒಬ್ಬ ಪೂರ್ವಜನೂ ಇದ್ದಾನೆ. ಕ್ರೋಮಿಯಮ್ ಕಂಡುಹಿಡಿದ ರಸಾಯನವಿಜ್ಞಾನಿ ವೊಕ್ಲಾಂ 1799ರಲ್ಲಿ ಒಂದು ಕೋಳಿಗೆ ಓಟ್ಸ್ ಮಾತ್ರ ತಿನ್ನಿಸಿ, ತಿಂದ ಸುಣ್ಣಕ್ಕಿಂತ ಹೊರಬಂದ ಸುಣ್ಣ ಹೆಚ್ಚು ಎಂದು ಲೆಕ್ಕ ಕೊಟ್ಟಿದ್ದ. ಕೆರ್ವ್ರಾನ್ ಅವನನ್ನು ಸಾಕ್ಷಿಗೆ ಕರೆಯುತ್ತಾನೆ. ಆದರೆ ವೊಕ್ಲಾಂ ಬರೆಯುವಾಗ ಕ್ಯಾಲ್ಸಿಯಮ್ ಎಂಬ ಲೋಹವನ್ನು ಯಾರೂ ಬೇರ್ಪಡಿಸಿರಲಿಲ್ಲ. ಅದು ಆದದ್ದು 1808ರಲ್ಲಿ. ಲವೋಸಿಯೆಯ 1789ರ ಪಟ್ಟಿಯಲ್ಲಿ ಸುಣ್ಣವೇ ಒಂದು ಮೂಲವಸ್ತು. ಧಾತು ಎಂದರೇನು ಎಂಬುದೇ ಇನ್ನೂ ಇತ್ಯರ್ಥವಾಗದ ಕಾಲದ ಲೆಕ್ಕವನ್ನು ಪರಮಾಣುಯುಗದ ವಾದಕ್ಕೆ ಆಧಾರ ಮಾಡಿಕೊಳ್ಳುವುದು ಸಾಕ್ಷಿಯ ಬಾಯಲ್ಲಿ ನಮ್ಮ ಮಾತು ತುರುಕಿದಂತೆ.

ಪುಸ್ತಕ ಎಡವುವುದು ಕಥೆಯಿಂದ ಸಮೀಕರಣಕ್ಕೆ ದಾಟುವ ಕಡೆ. ಪೊಟ್ಯಾಸಿಯಮ್ 39, ಹೈಡ್ರೋಜನ್ 1, ಕೂಡಿದರೆ ಕ್ಯಾಲ್ಸಿಯಮ್ 40. ಸೋಡಿಯಮ್ 23, ಆಮ್ಲಜನಕ 16, ಕೂಡಿದರೆ ಪೊಟ್ಯಾಸಿಯಮ್ 39. ಎರಡು ಸಾರಜನಕ ಸೇರಿದರೆ 28, ಇಂಗಾಲ ಆಮ್ಲಜನಕ ಸೇರಿದರೂ 28. ಕೆಂಪಗೆ ಕಾದ ಕಬ್ಬಿಣದ ಬಳಿ ಕೆಲಸ ಮಾಡುವ ವೆಲ್ಡರುಗಳಿಗೆ ಕಾರ್ಬನ್ ಮಾನಾಕ್ಸೈಡ್ ವಿಷ ಏರಿದ್ದಕ್ಕೂ ಆತ ಕೊಡುವ ವಿವರಣೆ ಇದೇ. ಇದು ಲೆಕ್ಕದಂತೆ ಕಾಣುತ್ತದೆ, ಆದರೆ ಕೆಲಸ ಮಾಡುವುದು ಪ್ರಾಸದಂತೆ. ಪ್ರಾಸ ಕೂಡಿದಾಗ ಕಿವಿಗೆ ಹಿತವಾಗುತ್ತದೆ, ಅರ್ಥವೂ ಕೂಡಿತೆಂದು ಅನಿಸುತ್ತದೆ.

ಆತ ಮಾಡದೆ ಬಿಟ್ಟ ಲೆಕ್ಕ ಬೇರೆ ಇದೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಮ್ ಇರುತ್ತದೆ. ಅಷ್ಟೂ ಪೊಟ್ಯಾಸಿಯಮ್‌ಗೆ ಹೈಡ್ರೋಜನ್ ಸೇರಿ ಆಗಿದ್ದರೆ ಹೊರಬೀಳುವ ಶಕ್ತಿ ಸುಮಾರು 11,000 ಯೂನಿಟ್ ವಿದ್ಯುತ್ತಿಗೆ ಸಮ. ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಗೆ ಒಂಬತ್ತು ವರ್ಷಕ್ಕೆ ಸಾಕು. ಸ್ಫೋಟಕದ ಭಾಷೆಯಲ್ಲಿ ಹೇಳಿದರೆ ಸುಮಾರು ಹತ್ತು ಟನ್ ಟಿಎನ್‌ಟಿ. ಕೋಳಿ ಮಾತ್ರ ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎಂದು ಎದ್ದು ಹೋಗುತ್ತದೆ. ಕಿಣ್ವಗಳ ಕೈ ತಲುಪುವುದು ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳವರೆಗೆ ಮಾತ್ರ. ಒಳಗಿನ ಬೀಜವನ್ನು ಬದಲಿಸಲು ಅದರ ಲಕ್ಷಗಟ್ಟಲೆ ಪಟ್ಟು ಶಕ್ತಿಯ ವ್ಯವಹಾರ ಬೇಕು.

ಹಾಗಾದರೆ ಸುಣ್ಣ ಎಲ್ಲಿಂದ ಬಂತು? ಕೋಳಿಯ ಮೂಳೆಯಿಂದ. ಮೊಟ್ಟೆಯಿಡುವ ಕೋಳಿಯ ಉದ್ದ ಮೂಳೆಗಳ ಒಳಗೆ ಕ್ಯಾಲ್ಸಿಯಮ್ಮಿನ ಕಣಜವಿರುತ್ತದೆ. ರಾತ್ರಿ ಚಿಪ್ಪು ಕಟ್ಟುವಾಗ ಅದು ಕರಗಿ ರಕ್ತಕ್ಕೆ ಇಳಿಯುತ್ತದೆ. ಮೇವಿನಲ್ಲಿ ಸುಣ್ಣ ತಪ್ಪಿದರೆ ಕೋಳಿ ಕೆಲವು ದಿನ ತನ್ನ ಎಲುಬನ್ನೇ ಕರಗಿಸಿ ಮೊಟ್ಟೆಯಿಡುತ್ತದೆ, ಆಮೇಲೆ ಚಿಪ್ಪು ತೆಳುವಾಗುತ್ತದೆ, ಕಡೆಗೆ ಮೊಟ್ಟೆಯೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಇದು ಕೆರ್ವ್ರಾನ್ ಹೇಳಿದ್ದಕ್ಕಿಂತ ದೊಡ್ಡ ಕಥೆ. ಹುಡುಗ ಹೊಟ್ಟೆಯೊಳಗೆ ನೋಡಿದ. ಬೆಳೆದು ಬರೆಯಲು ಕೂತವನಾದರೂ ಮೂಳೆಯೊಳಗೆ ನೋಡಬೇಕಿತ್ತು.

ಸೂಕ್ಷ್ಮಜೀವಿಗಳ ವಿಷಯದಲ್ಲಿ ಗೊಂದಲಕ್ಕೆ ಭಾಷೆಯೂ ಅರ್ಧ ಕಾರಣ. ಪರಿವರ್ತನೆ ಎಂಬ ಒಂದೇ ಪದವನ್ನು ನಾವು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಯುರೇನಿಯಮ್ಮನ್ನು ಕರಗದಂತೆ ಮಾಡುತ್ತದೆ. ನೀರು ಶುದ್ಧವಾಗುತ್ತದೆ, ಯುರೇನಿಯಮ್ ಯುರೇನಿಯಮ್ಮಾಗಿಯೇ ತಳದಲ್ಲಿ ಕೂರುತ್ತದೆ. ಕ್ಯುಪ್ರಿಯಾವಿಡಸ್ ಮೆಟಾಲಿಡ್ಯೂರನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಚಿನ್ನದ ವಿಷಕಾರಿ ಲವಣದಿಂದ ಅಪ್ಪಟ ಚಿನ್ನದ ಕಣ ಉದುರಿಸುತ್ತದೆ. 2012ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಕಲಾವಿದ ಮತ್ತು ಒಬ್ಬ ವಿಜ್ಞಾನಿ ಸೇರಿ ಇದನ್ನು ಕಲಾಪ್ರದರ್ಶನವನ್ನಾಗಿಯೇ ಮಾಡಿದರು. ಚಿನ್ನ ತಯಾರಿಸುವ ಬ್ಯಾಕ್ಟೀರಿಯಾ ಎಂದು ಸುದ್ದಿಯಾಯಿತು. ಹಾಕಿದ್ದೂ ಚಿನ್ನವೇ ಎಂಬುದು ಸುದ್ದಿಯ ಕೆಳಸಾಲಿಗೆ ಸರಿಯಿತು.

ಕೆರ್ವ್ರಾನ್ ನಂತರವೂ ಪ್ರಯತ್ನಗಳಾಗಿವೆ. ಉಕ್ರೇನಿನ ವೈಸೊಟ್ಸ್ಕಿ ಮತ್ತು ರಷ್ಯಾದ ಕೊರ್ನಿಲೋವಾ ಭಾರಜಲದಲ್ಲಿ ಸೂಕ್ಷ್ಮಜೀವಿ ಬೆಳೆಸಿ, ಮ್ಯಾಂಗನೀಸ್ ಕಬ್ಬಿಣವಾಯಿತು ಎಂದರು, ವಿಕಿರಣ ಸೂಸುವ ಸೀಸಿಯಮ್ ಬೇಗ ಕರಗಿತು ಎಂದೂ ಹೇಳಿದರು. ಅಳತೆಯ ಉಪಕರಣ ಕೆರ್ವ್ರಾನನದಕ್ಕಿಂತ ಬಹಳ ಸೂಕ್ಷ್ಮ, ಆ ಮಟ್ಟಿಗೆ ಗೌರವ ಸಲ್ಲಬೇಕು. ಆದರೆ ಸಂಬಂಧವಿಲ್ಲದ ಪ್ರಯೋಗಾಲಯಗಳು ಮತ್ತೆ ಮಾಡಿ ಒಪ್ಪಿದ ಫಲಿತಾಂಶ ಅದಲ್ಲ. ಕಬ್ಬಿಣವಂತೂ ಗಾಜಿನಲ್ಲಿ, ದೂಳಿನಲ್ಲಿ, ಎಲ್ಲೆಲ್ಲೂ ಇರುವ ಧಾತು.

ಇದನ್ನು ವಿನೋದವೆಂದು ಬಿಡಬಹುದಿತ್ತು, ಗದ್ದೆ ತೋಟದವರೆಗೆ ಬಾರದಿದ್ದರೆ. ಮಣ್ಣಿನ ಜೀವಿಗಳೇ ಬೇಕಾದ ಧಾತುವನ್ನು ಹುಟ್ಟಿಸಿಕೊಳ್ಳುತ್ತವೆ ಎಂದು ನಂಬಿದ ರೈತ ಹೊರಗಿನಿಂದ ಏನನ್ನೂ ಕೊಡಬೇಕಿಲ್ಲ. ಪ್ರತಿ ಬಾಳೆಗೊನೆಯ ಜೊತೆ ಪೊಟ್ಯಾಸಿಯಮ್ಮೂ ಲಾರಿ ಹತ್ತಿ ಹೋಗುತ್ತಿರುತ್ತದೆ. ಸೋಜಿಗವೆಂದರೆ, ಕಾಗೆಬಂಗಾರವನ್ನು ಉಣ್ಣಬಲ್ಲ ಸೂಕ್ಷ್ಮಜೀವಿಗಳು ನಿಜಕ್ಕೂ ಇವೆ. ಫ್ರಾಟೂರಿಯಾ ಅರಾಂಶಿಯಾ ಎಂಬುದು ನಮ್ಮ ದೇಶದಲ್ಲಿ ಜೈವಿಕ ಗೊಬ್ಬರವಾಗಿಯೇ ಮಾರಾಟವಾಗುತ್ತದೆ. ಇಂಥ ಜೀವಿಗಳು ಆಮ್ಲ ಸ್ರವಿಸಿ ಖನಿಜವನ್ನು ಸವೆಸುತ್ತವೆ, ಒಳಗೆ ಸೆರೆಯಾದ ಪೊಟ್ಯಾಸಿಯಮ್ಮನ್ನು ಬೇರಿಗೆ ಬಿಡಿಸಿಕೊಡುತ್ತವೆ. ಮಣ್ಣಿನಲ್ಲಿ ಇದ್ದಷ್ಟನ್ನು.