ಪದಕ್ಕೆ ಜಾಗ ಬಿಡುವ ತಂತಿ

ಬೇಸ್ ಗಿಟಾರಿನ ತಂತಿಯಲ್ಲಿ ಕಣ್ಣಿಗೆ ಕಾಣುವುದು ಹೊರಸುತ್ತು ಮಾತ್ರ. ಒಳಗೆ ಉಕ್ಕಿನ ಒಂದು ಎಳೆ ಇರುತ್ತದೆ. ಬಿಗಿಯನ್ನು ತಾಳಿಕೊಳ್ಳುವುದು ಒಳಗಿನ ಎಳೆ, ತಂತಿಗೆ ತೂಕ ಕೊಡುವುದು ಹೊರಗಿನ ಸುತ್ತು. ಈ ಸುತ್ತಿಗೆ ದುಂಡು ತಂತಿ ಬಳಸಿದರೆ ಅದು ರೌಂಡ್‌ವೌಂಡ್, ಚಪ್ಪಟೆ ಪಟ್ಟಿ ಬಳಸಿದರೆ ಫ್ಲಾಟ್‌ವೌಂಡ್. ರೌಂಡ್‌ವೌಂಡಿನ ಮೇಲೆ ಉಗುರು ಎಳೆದರೆ ಕರ್ರೆನ್ನುತ್ತದೆ. ಫ್ಲಾಟ್‌ವೌಂಡಿನ ಮೇಲೆ ಬೆರಳು ಸದ್ದಿಲ್ಲದೆ ಜಾರುತ್ತದೆ. ನಾದದಲ್ಲಿಯೂ ಇದೇ ಭೇದ ಮುಂದುವರಿಯುತ್ತದೆ. ಮೊದಲನೆಯದರಲ್ಲಿ ಉಪಸ್ವರಗಳು ಹೆಚ್ಚು, ಹೊಳಪು ಹೆಚ್ಚು, ಮೀಟಿದ ಮೇಲೆ ಆ ಹೊಳಪು ಬಹಳ ಹೊತ್ತು ನಿಲ್ಲುತ್ತದೆ. ಎರಡನೆಯದರಲ್ಲಿ ಮೂಲಸ್ವರ ಮುಂದೆ ನಿಂತು, ಮೇಲಿನ ಉಪಸ್ವರಗಳು ಬೇಗ ಆರಿಹೋಗುತ್ತವೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಹಾಕುತ್ತಿದ್ದುದು ಫ್ಲಾಟ್‌ವೌಂಡ್. 1960ರ ದಶಕದಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ, ದಿ ಹೂ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಜೊತೆಗೂಡಿ ರೌಂಡ್‌ವೌಂಡನ್ನು ತಿದ್ದಿ ತೀಡಿದ ಮೇಲೆ ಹೊಳಪಿನ ಕಾಲ ಬಂತು. ಇಂದು ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಕೊಳ್ಳುವ ಹೊಸ ಬೇಸ್ ಗಿಟಾರಿನ ಮೇಲೆ ಸಾಮಾನ್ಯವಾಗಿ ಇರುವುದು ರೌಂಡ್‌ವೌಂಡೇ. ಹಾಗಾಗಿ ನುಡಿಸುವವರಲ್ಲಿ ಹಲವರಿಗೆ ಇನ್ನೊಂದು ಬಗೆಯ ತಂತಿ ಇದೆಯೆಂಬುದು ಕೈಗೆ ತಾಗಿ ತಿಳಿದಿರುವುದಿಲ್ಲ.

ಫ್ಲಾಟ್‌ವೌಂಡ್ ಎಂದೊಡನೆ ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹೆಸರು ಬರುತ್ತದೆ. ಆದರೆ ಆತ ಬಳಸಿದ ಲಾ ಬೆಲ್ಲಾ ತಂತಿಗಳು ತೀರ ದಪ್ಪದವು, ಬಿಗಿಯವು. ಅವನ್ನು ಮೀಟಲು ಬೆರಳಿಗೆ ಬಲ ಬೇಕು. ಹಗುರವಾದ, ಬಿಗಿ ಕಡಿಮೆಯಿರುವ ಫ್ಲಾಟ್‌ವೌಂಡ್ ಅದೇ ಕುಲದ್ದಾದರೂ ಸ್ವಭಾವ ಬೇರೆ. ಜೇಮರ್ಸನ್ನನ ನಾದ ಸಿಕ್ಕೀತೆಂದು ಹಗುರ ಸೆಟ್ಟು ಕೊಂಡವರಿಗೆ ನಿರಾಸೆಯಾಗುತ್ತದೆ, ಆ ನಿರಾಸೆಗೆ ತಂತಿ ಕಾರಣವಲ್ಲ. ಹಗುರ ಜಾತಿಗೆ ಹೆಸರಾದದ್ದು ವಿಯೆನ್ನಾದ ಥೋಮಾಸ್ಟಿಕ್-ಇನ್ಫೆಲ್ಡ್ ಕಂಪನಿಯ ಜಾಝ್ ಫ್ಲಾಟ್ಸ್. ಅದರ ನಾಲ್ಕು ತಂತಿಗಳ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ 43, 56, 70, 100. ಎಂದರೆ ತೆಳು ತಂತಿ 1.09 ಮಿಲಿಮೀಟರ್, ದಪ್ಪದ್ದು 2.54. ಎಲ್ಲೆಡೆ ಸಿಗುವ ರೌಂಡ್‌ವೌಂಡ್ ಸೆಟ್ಟುಗಳಲ್ಲೊಂದು 45, 65, 85, 105. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚಿನ ಅಂತರ ಇರುವುದು ನಡುವಿನ ಎರಡು ತಂತಿಗಳಲ್ಲಿ.

ದಪ್ಪ ನೋಡಿ ಬಿಗಿ ಹೇಳಲಾಗದು ಎಂಬುದನ್ನು ಇಲ್ಲಿಯೇ ಹೇಳಬೇಕು. ಒಂದೇ ಉದ್ದದ ತಂತಿಯನ್ನು ಒಂದೇ ಸ್ವರಕ್ಕೆ ಕೂಡಿಸಿದಾಗ ಬೇಕಾಗುವ ಬಿಗಿಯನ್ನು ನಿರ್ಧರಿಸುವುದು ಅದರ ತೂಕ. ದುಂಡು ಸುತ್ತುಗಳ ನಡುವೆ ಸಂದು ಉಳಿಯುತ್ತದೆ. ಚಪ್ಪಟೆ ಪಟ್ಟಿ ಆ ಸಂದನ್ನೂ ಲೋಹದಿಂದ ತುಂಬುತ್ತದೆ. ಆದ್ದರಿಂದ ಒಂದೇ ದಪ್ಪದ ಎರಡು ತಂತಿಗಳಲ್ಲಿ ಫ್ಲಾಟ್‌ವೌಂಡ್ ಸಾಮಾನ್ಯವಾಗಿ ಹೆಚ್ಚು ತೂಕದ್ದು, ಹೆಚ್ಚು ಬಿಗಿಯದ್ದು. ಡಿ'ಅಡಾರಿಯೋ ಕಂಪನಿಯ ಕ್ರೋಮ್ಸ್ ಎಂಬ ಫ್ಲಾಟ್‌ವೌಂಡ್ ಸೆಟ್ಟು ಇದಕ್ಕೆ ಸಾಕ್ಷಿ: ದಪ್ಪ ಸಾಧಾರಣ, ಕೈಗೆ ಮಾತ್ರ ಗಡುಸು. ಹಗುರ ಫ್ಲಾಟ್‌ವೌಂಡ್ ಮಾಡಬೇಕಾದರೆ ತಯಾರಕರು ಒಳಎಳೆಯನ್ನೂ ಸಣ್ಣದಾಗಿಸಬೇಕು. ಎಳೆ ದಪ್ಪವಾಗಿಯೇ ಉಳಿದು ಬಿಗಿ ಮಾತ್ರ ಇಳಿದರೆ ತಂತಿ ಕಂಬಿಯಂತೆ ವರ್ತಿಸುತ್ತದೆ; ಉಪಸ್ವರಗಳು ಮೂಲಸ್ವರದ ಲೆಕ್ಕ ತಪ್ಪಿ ಮೇಲೇರಿ, ಕೂಡಿಸಿದ ಶ್ರುತಿಯೂ ಕಿವಿಗೆ ಅಪಶ್ರುತಿಯಾಗಿ ಕೇಳುತ್ತದೆ. ಕೊಳ್ಳುವವರು ಪೊಟ್ಟಣದ ಮೇಲೆ ದಪ್ಪದ ಅಂಕಿಯ ಜೊತೆಗೆ ಬಿಗಿಯ ಅಂಕಿಯನ್ನೂ ಹುಡುಕಬೇಕು.

ಹಗುರ ಫ್ಲಾಟ್‌ವೌಂಡನ್ನು ಎಲ್ಲಿ ಇಟ್ಟು ತೂಗಬೇಕು ಎಂಬುದು ವಿಮರ್ಶೆಯ ಮುಖ್ಯ ಪ್ರಶ್ನೆ. ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಯಲ್ಲಿ, ಅದರಾಚೆಯ ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಊರುಗಳಲ್ಲಿ ಬೇಸ್ ಗಿಟಾರ್ ಜನರ ಕಿವಿಗೆ ಬೀಳುವುದು ಬಹುಮಟ್ಟಿಗೆ ಬಯಲು ವೇದಿಕೆಯಲ್ಲಿ: ಗಣೇಶೋತ್ಸವದ ರಸಮಂಜರಿ, ನವೆಂಬರಿನ ರಾಜ್ಯೋತ್ಸವ, ಊರಹಬ್ಬದ ರಾತ್ರಿ. ಆ ವೇದಿಕೆಯಲ್ಲಿ ಎರಡು ಬಗೆಯ ಹಾಡು ಒಂದರ ಬೆನ್ನಿಗೊಂದು ಬರುತ್ತವೆ. ಒಂದು ಕುಣಿಸುವ ಚಿತ್ರಗೀತೆ, ಇನ್ನೊಂದು ಭಾವಗೀತೆ. ಎರಡನೆಯದಕ್ಕೆ ಈ ಸೀಮೆ ತವರೂ ಹೌದು. ‘ಮೈಸೂರು ಮಲ್ಲಿಗೆ’ಯನ್ನು 1942ರಲ್ಲಿ ಪ್ರಕಟಿಸಿದ ಕೆ.ಎಸ್. ನರಸಿಂಹಸ್ವಾಮಿ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು; ಗೀತನಾಟಕಗಳನ್ನು ಬರೆದ ಪು.ತಿ. ನರಸಿಂಹಾಚಾರ್ ಪಾಂಡವಪುರ ತಾಲ್ಲೂಕಿನದೇ ಆದ ಮೇಲುಕೋಟೆಯವರು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇಂಥ ಕವಿತೆಗಳನ್ನು ಮನೆಮನೆಯ ಹಾಡಾಗಿಸಿದರು. 1992ರ ‘ಮೈಸೂರು ಮಲ್ಲಿಗೆ’ ಚಿತ್ರಕ್ಕೆ ಸಂಗೀತ ಅಶ್ವಥ್ ಅವರದು. ಭಾವಗೀತೆಯಲ್ಲಿ ವಾದ್ಯಕ್ಕೆ ಇರುವ ಕಟ್ಟುಪಾಡು ಒಂದೇ: ಕವಿಯ ಪದ ಕೊನೆಯ ಸಾಲಿನಲ್ಲಿ ಕೂತವರಿಗೂ ತಿಳಿಯಬೇಕು.

ಹಗುರ ಫ್ಲಾಟ್‌ವೌಂಡಿನ ದೊಡ್ಡ ಗುಣ ಹೊರಬರುವುದು ಇಲ್ಲಿ. ಕನ್ನಡದ ಚ, ಸ, ಷ, ಟ, ತಗಳನ್ನು ಒಂದರಿಂದೊಂದು ಬೇರ್ಪಡಿಸಿ ಕೇಳಿಸುವ ಸದ್ದು ಬಹುಪಾಲು ಸೆಕೆಂಡಿಗೆ ಎರಡು ಸಾವಿರ ಕಂಪನಗಳಿಂದ ಮೇಲಿದೆ. ರೌಂಡ್‌ವೌಂಡಿನ ಕಿಣಿಕಿಣಿ, ಬೆರಳು ಜಾರುವ ಕರಕರ, ತಂತಿ ಫ್ರೆಟ್ಟಿಗೆ ಬಡಿಯುವ ಟಕ್ಕು ಇವೂ ಅದೇ ಎತ್ತರದಲ್ಲಿ ಬಂದು ಬೀಳುತ್ತವೆ. ಗಾಯಕಿ ‘ಸಂಜೆ’ ಎನ್ನುವ ಕ್ಷಣಕ್ಕೇ ಬೇಸ್ ತಂತಿ ಚುರ್ರೆಂದರೆ ಸಕಾರ ಮುಚ್ಚಿಹೋಗುತ್ತದೆ. ಫ್ಲಾಟ್‌ವೌಂಡ್ ಆ ಎತ್ತರವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಆಂಪಿನಲ್ಲಿ ಟ್ರೆಬಲ್ ಇಳಿಸಿದರೂ ಇದೇ ಫಲ ಸಿಗುವುದಿಲ್ಲವೇ ಎಂದು ಕೇಳಬಹುದು. ಅರ್ಧ ಸಿಗುತ್ತದೆ. ಟ್ರೆಬಲ್ ಇಳಿಸಿದಾಗ ಹೊಳಪು ಮಂಕಾಗುತ್ತದೆ, ಸ್ವರದ ನಡೆ ಮಾತ್ರ ಬದಲಾಗುವುದಿಲ್ಲ. ಫ್ಲಾಟ್‌ವೌಂಡಿನಲ್ಲಿ ಸ್ವರದ ಮೊದಲ ಹೆಜ್ಜೆಯೇ ಮೆತ್ತಗೆ. ಮೀಟಿದ ಗುದ್ದು ದುಂಡಾಗಿ ಬಿದ್ದು, ತಬಲಾದ ಡಗ್ಗದ ಗುಂಕಾರದ ಪಕ್ಕದಲ್ಲಿ ಅದರ ಜೊತೆಗಾರನಂತೆ ಕೂರುತ್ತದೆ. ಬಿಗಿ ಹೆಚ್ಚಿದ ಫ್ಲಾಟ್‌ವೌಂಡ್ ದೊಪ್ಪೆಂದು ಬಿದ್ದು ಸತ್ತುಹೋಗುವ ಕಡೆ, ಹಗುರ ತಂತಿ ಇನ್ನೂ ಒಂದಿಷ್ಟು ಹೊತ್ತು ಹಾಡುತ್ತದೆ. ವಿಳಂಬಗತಿಯ ಭಾವಗೀತೆಗೆ ಈ ಸ್ವಲ್ಪ ಹೆಚ್ಚಿನ ಉಸಿರು ಬೇಕೇ ಬೇಕು.

ಎರಡನೆಯ ಗುಣ ಗಮಕಕ್ಕೆ ಸಂಬಂಧಿಸಿದ್ದು. ಅದನ್ನು ತಿಳಿಯಲು ವೀಣೆಯ ಕಡೆ ನೋಡಬೇಕು. ಮಂದ್ರದ ಲೋಹದ ತಂತಿ ಈ ಭಾಗದ ಕಿವಿಗೆ ಹೊಸತಲ್ಲ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರರವರೆಗೆ ಬೆಳೆದ ಮೈಸೂರು ಬಾನಿಯ ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು: ಸಾರಣೆ, ಪಂಚಮ, ಮಂದ್ರ, ಅನುಮಂದ್ರ. ಸಾರಣೆಯ ಷಡ್ಜವನ್ನು ಇ ಸ್ವರಕ್ಕೆ ಕೂಡಿಸಿದರೆ ಅನುಮಂದ್ರದ ಪಂಚಮ ಸೆಕೆಂಡಿಗೆ ಸುಮಾರು 62 ಕಂಪನಗಳಷ್ಟಾಗುತ್ತದೆ. ಬೇಸ್ ಗಿಟಾರಿನ ಎ ತಂತಿ 55, ಡಿ ತಂತಿ 73. ವೀಣೆಯ ಅತಿ ಕೆಳಗಿನ ತಂತಿ ಬೇಸ್ ಗಿಟಾರಿನ ನಡುವಣ ಎರಡು ತಂತಿಗಳ ಮಧ್ಯೆ ಬಂದು ಕೂರುತ್ತದೆಂದಾಯಿತು. ವೈಣಿಕರು ತಂತಿಯನ್ನು ಬದಿಗೆ ಎಳೆದು ಒಂದೇ ಮೆಟ್ಟಿಲಿನ ಮೇಲೆ ಹಲವು ಸ್ವರ ತೆಗೆಯುತ್ತಾರೆ. ಬೇಸ್ ಗಿಟಾರಿನಲ್ಲಿ ಅಷ್ಟು ಆಗದು, ಆದರೆ ಒಳಎಳೆ ಒಂದೇ ದಪ್ಪದ್ದಾಗಿದ್ದರೆ ಬಿಗಿ ಕಡಿಮೆಯಿದ್ದಷ್ಟೂ ಎಳೆತಕ್ಕೆ ಸ್ವರ ಹೆಚ್ಚು ಏರುತ್ತದೆ. ಹಗುರ ತಂತಿಯಲ್ಲಿ ಅರ್ಧ ಸ್ವರದ ಓಲಾಟ ಬೆರಳಿಗೆ ನೋವಿಲ್ಲದೆ ಬರುತ್ತದೆ. ಜಾರು ಎಳೆದಾಗ ಕರಕರ ಇರುವುದಿಲ್ಲ. ಫ್ರೆಟ್ ಇಲ್ಲದ ಬೇಸ್ ಗಿಟಾರಿನಲ್ಲಿ ಇದು ಇನ್ನೂ ಸೊಗಸು, ಜೊತೆಗೆ ನುಣುಪು ಸುತ್ತು ಮರದ ಹಲಗೆಯನ್ನು ತಿನ್ನುವುದಿಲ್ಲ.

ಹಗುರ ತಂತಿಯ ಮೊದಲ ದೋಷ ಹುಟ್ಟುವುದೂ ಇದೇ ಗುಣದಿಂದ. ಎಳೆತಕ್ಕೆ ಬೇಗ ಬಗ್ಗುವ ತಂತಿ ಪೆಟ್ಟಿಗೂ ಬೇಗ ಬಗ್ಗುತ್ತದೆ. ಜೋರಾಗಿ ಮೀಟಿದರೆ ಸ್ವರ ಮೊದಲು ಮೇಲಕ್ಕೆ ಚಿಮ್ಮಿ ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ಎಡಗೈ ಬೆರಳು ಗಟ್ಟಿಯಾಗಿ ಒತ್ತಿದರೂ ಶ್ರುತಿ ಏರುತ್ತದೆ. ರೌಂಡ್‌ವೌಂಡಿನಲ್ಲಿ ಐದಾರು ವರ್ಷ ನುಡಿಸಿ ಕೈ ಗಡುಸಾದವರಿಗೆ ಮೊದಲ ವಾರ ಎಲ್ಲವೂ ಅಪಶ್ರುತಿಯಾಗಿ ಕೇಳುವುದು ಇದರಿಂದ. ಇಲ್ಲಿ ತಿದ್ದಿಕೊಳ್ಳಬೇಕಾದದ್ದು ಕೈ: ಮೆಲ್ಲಗೆ ಮೀಟಿ, ಜೋರು ಬೇಕಾದರೆ ಅದನ್ನು ಆಂಪಿನಿಂದ ತೆಗೆದುಕೊಳ್ಳಬೇಕು. ಈ ಶಿಸ್ತನ್ನು ಒಪ್ಪದವರು ಹಗುರ ತಂತಿಯನ್ನು ಮುಟ್ಟದಿರುವುದೇ ಲೇಸು.

ಎರಡನೆಯ ದೋಷ ಹೆಚ್ಚು ಗಂಭೀರವಾದುದು, ಹಳ್ಳಿಯ ವೇದಿಕೆಗೆ ನೇರವಾಗಿ ತಟ್ಟುವಂಥದು. ಇ ತಂತಿಯ ಮೂಲಸ್ವರ ಸುಮಾರು 41 ಕಂಪನ. ಬಾಡಿಗೆಗೆ ಬರುವ ಸಣ್ಣ ಸೌಂಡ್ ಬಾಕ್ಸುಗಳು ಅಷ್ಟು ಕೆಳಗಿನ ಸದ್ದನ್ನು ಹೊರಡಿಸಲಾರವು. ರೌಂಡ್‌ವೌಂಡಿನಲ್ಲಿ ಇದು ದೊಡ್ಡ ತೊಂದರೆಯಲ್ಲ: 82, 123, 164ರ ಉಪಸ್ವರಗಳು ಬಲವಾಗಿ ಕೇಳಿಸಿದರೆ ಇಲ್ಲದ 41ನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ಫ್ಲಾಟ್‌ವೌಂಡಿನ ಶಕ್ತಿಯೆಲ್ಲ ಕೆಳಗೇ ಕೂತಿರುವುದರಿಂದ, ಅದನ್ನು ಹೊರಡಿಸಲಾಗದ ಸ್ಪೀಕರಿನಲ್ಲಿ ಬೇಸೇ ಮಾಯ. ಉಳಿಯುವುದು ಮಸುಕಾದ ಗುಬ್ ಗುಬ್. ಮನೆಯಲ್ಲಿ ಹೆಡ್‌ಫೋನಿನಲ್ಲಿ ಮನಸ್ಸು ತುಂಬಿದ ನಾದ ಬಯಲಿನಲ್ಲಿ ಕಾಣೆಯಾಗುವುದಕ್ಕೆ ಕಾರಣ ಇದು. ಮಿಕ್ಸರಿನಲ್ಲಿ ಬೇಸ್ ಗುಂಡಿ ತಿರುಗಿಸುವುದು ತಪ್ಪು ಮದ್ದು, ಸ್ಪೀಕರು ಇನ್ನಷ್ಟು ನರಳುತ್ತದೆ. 500ರಿಂದ 800 ಕಂಪನಗಳ ಸುತ್ತ ತುಸು ಏರಿಸಿ, ಮೀಟುವ ಜಾಗವನ್ನು ಬ್ರಿಜ್ಜಿನ ಕಡೆಗೆ ಸರಿಸಿದರೆ ಸ್ವರಕ್ಕೆ ಮುಖ ಬರುತ್ತದೆ. ದೊಡ್ಡ ಸಬ್‌ವೂಫರ್ ಇರುವ ವೇದಿಕೆಯಲ್ಲಿ ಈ ಚಿಂತೆ ಬೇಡ.

ತಂತಿ ಬದಲಿಸುವಾಗ ವಾದ್ಯದ ಹೊಂದಾಣಿಕೆಯೂ ಬದಲಾಗಬೇಕು. ನಾಲ್ಕೂ ತಂತಿಗಳ ಎಳೆತ ಇಳಿದಾಗ ನೆಕ್ ಹಿಂದಕ್ಕೆ ಬಾಗುತ್ತದೆ, ಮೊದಲ ಫ್ರೆಟ್ಟುಗಳಲ್ಲಿ ತಂತಿ ಜಿರ್ರೆನ್ನುತ್ತದೆ. ನೆಕ್ಕಿನೊಳಗಿನ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಸಡಿಲಿಸದೆ, ಒಂದು ದಿನ ಬಿಟ್ಟು ನೋಡಿ ಮುಂದುವರಿಯಬೇಕು. ಸಡಿಲ ತಂತಿ ಅಗಲವಾಗಿ ತೂಗಾಡುವುದರಿಂದ ಬ್ರಿಜ್ಜಿನ ಸ್ಯಾಡಲುಗಳನ್ನು ಸ್ವಲ್ಪ ಎತ್ತಬೇಕು. ಪಿಕಪ್ಪಿನ ಅಯಸ್ಕಾಂತ ತಂತಿಯನ್ನು ಎಳೆಯದಂತೆ ಪಿಕಪ್ಪನ್ನು ತುಸು ಇಳಿಸಬೇಕು. ಕೊನೆಗೆ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಒತ್ತಿದ ಸ್ವರ, ಅಲ್ಲಿಯೇ ಬೆರಳು ಸೋಕಿಸಿ ತೆಗೆದ ಸ್ವರ ಎರಡೂ ಒಂದೇ ಆಗುವವರೆಗೆ ಸ್ಯಾಡಲನ್ನು ಹಿಂದೆ ಮುಂದೆ ಸರಿಸಬೇಕು. ತಂತಿಯ ತುದಿ ಕತ್ತರಿಸುವ ಮುಂಚೆ ಅದನ್ನು ಮಡಿಸಿಕೊಳ್ಳಬೇಕು. ಹಾಗೆಯೇ ಕತ್ತರಿಸಿದರೆ ಚಪ್ಪಟೆ ಸುತ್ತು ಒಳಎಳೆಯ ಮೇಲೆ ಸಡಿಲಗೊಂಡು ತಂತಿ ಹಾಳಾಗುತ್ತದೆ.

ವಾದ್ಯದ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯ ಬೇಸ್ ಗಿಟಾರಿನಲ್ಲಿ ತಂತಿ ಕಂಪಿಸುವ ಉದ್ದ 34 ಇಂಚು. 30 ಇಂಚಿನ ಗಿಡ್ಡ ವಾದ್ಯದಲ್ಲಿ ಅದೇ ತೂಕದ ತಂತಿಗೆ ಅದೇ ಸ್ವರದಲ್ಲಿ ಬಿಗಿ ಶೇಕಡಾ 22ರಷ್ಟು ಇಳಿಯುತ್ತದೆ. ಹಗುರ ಸೆಟ್ಟು ಅಲ್ಲಿ ಜೋಲುಬೀಳುತ್ತದೆ. ಇ ತಂತಿಯನ್ನು ಡಿಗೆ ಇಳಿಸಿ ನುಡಿಸುವ ರೂಢಿಯವರಿಗೂ ಇದು ಸಲ್ಲದು, ಆ ಒಂದು ಸ್ವರದ ಇಳಿಕೆಗೆ ಬಿಗಿಯ ಐದರಲ್ಲೊಂದು ಪಾಲು ಹೋಗುತ್ತದೆ.

ಬೆಲೆ ದುಬಾರಿ. ಒಳ್ಳೆಯ ಹಗುರ ಫ್ಲಾಟ್‌ವೌಂಡ್ ಸೆಟ್ಟಿಗೆ ಸಾಧಾರಣ ರೌಂಡ್‌ವೌಂಡಿನ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ. ಆದರೆ ಸಂದಿಲ್ಲದ ಮೈಯಲ್ಲಿ ಬೆವರು, ಬಯಲಿನ ಧೂಳು ಕೂರಲು ಜಾಗ ಕಡಿಮೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ಜೇಮರ್ಸನ್ ತುಂಡಾದ ಹೊರತು ತಂತಿ ಬದಲಿಸುತ್ತಿರಲಿಲ್ಲ ಎಂಬುದು ಹೆಸರಾದ ಸಂಗತಿ. ಹಬ್ಬದ ಕಾಲದಲ್ಲಿ ಮಾತ್ರ ದುಡಿಮೆ ಇರುವ ಕಲಾವಿದರಿಗೆ ಈ ಬಾಳಿಕೆ ಸಣ್ಣ ಮಾತಲ್ಲ.

ಹಗುರ ಫ್ಲಾಟ್‌ವೌಂಡನ್ನು ಪ್ರಯೋಗಿಸುವವರು ಒಂದು ರಾತ್ರಿಯ ಅನುಭವದಿಂದ ತೀರ್ಮಾನಕ್ಕೆ ಬರಬಾರದು. ಹಳೆಯ ತಂತಿಯಿದ್ದಾಗಲೇ ಎರಡು ಹಾಡನ್ನು, ಒಂದು ಭಾವಗೀತೆ ಒಂದು ಕುಣಿತದ ಹಾಡು, ಗಾಯನದ ಸಮೇತ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಹೊಸ ತಂತಿ ಹಾಕಿ ಒಂದು ವಾರ ಕೂರಲು ಬಿಟ್ಟು, ಆಂಪಿನ ಗುಂಡಿಗಳನ್ನು ಅಲುಗಿಸದೆ ಅವೇ ಹಾಡುಗಳನ್ನು ಮತ್ತೆ ನುಡಿಸಬೇಕು. ಬೇಸನ್ನು ಒಂಟಿಯಾಗಿ ಕೇಳಿದರೆ ರೌಂಡ್‌ವೌಂಡ್ ಯಾವಾಗಲೂ ಗೆಲ್ಲುತ್ತದೆ, ಅದರ ಹೊಳಪು ಅಂಥದು. ದನಿಯ ಜೊತೆ ಕೇಳಿದಾಗ ತೀರ್ಪು ತಿರುಗುತ್ತದೆ.

ಎಲ್ಲಕ್ಕೂ ಈ ತಂತಿಯೇ ಎಂಬ ಹಟ ಸರಿಯಲ್ಲ. ಹೆಬ್ಬೆರಳಿನಿಂದ ಬಡಿದು ನುಡಿಸುವ ಶೈಲಿಗೆ, ತಮಟೆ ಮತ್ತು ಡ್ರಮ್ಸ್ ಎದುರು ಬೇಸ್ ಮುಂದೆ ಬಂದು ಮಾತಾಡಬೇಕಾದ ಜಾನಪದ ರಾಕ್‌ಗೆ, ಕುಣಿಸುವ ಚಿತ್ರಗೀತೆಗೆ ರೌಂಡ್‌ವೌಂಡೇ ತಕ್ಕದ್ದು. ಒಂದೇ ವಾದ್ಯದಲ್ಲಿ ಇಡೀ ರಸಮಂಜರಿ ನಡೆಸಬೇಕಾದವರು ರೌಂಡ್‌ವೌಂಡಿನಲ್ಲೇ ಉಳಿಯುವುದು ವ್ಯವಹಾರದ ಮಾತು. ಭಾವಗೀತೆ, ಭಕ್ತಿಗೀತೆ, ಮೆಲುದನಿಯ ಹಳೆಯ ಚಿತ್ರಗೀತೆಗಳಿಗೆ ಜೊತೆ ಕೊಡುವವರು, ಎರಡನೆಯ ವಾದ್ಯ ಇಟ್ಟುಕೊಳ್ಳಬಲ್ಲವರು, ಅದಕ್ಕೆ ಹಗುರ ಫ್ಲಾಟ್‌ವೌಂಡನ್ನೇ ಹಾಕಬೇಕು. ನರಸಿಂಹಸ್ವಾಮಿಯವರ ಸಾಲನ್ನು ಹಾಡುವ ದನಿಯ ಕೆಳಗೆ ಇದಕ್ಕಿಂತ ಒಳ್ಳೆಯ ತಂತಿ ಇಲ್ಲ.